ಒಂಬತ್ತನೆಯ ಮಣಿ

ಸಿರಸಂಗಿಯ ಜನ ಸಿದ್ಧಾರೂಢನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವನು ಡಾಕ್ಟರ್ ಆಗಿರಲಿಲ್ಲ. ಬೈಲಹೊಂಗಲದ ಹೊರಗೆ ಧರ್ಮದತ್ತಿಯೊಂದು ಕಟ್ಟಿಸಿದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣದ ಯಂತ್ರ ನಡೆಸುವ ಟೆಕ್ನಿಷಿಯನ್ ಆಗಿದ್ದ. ಈ ಕಡೆಯವರ ಮಾತಿನಲ್ಲಿ ಹೇಳುವುದಾದರೆ ಕರೆಂಟ್ ಕೊಡುವವನು. ನೌಕರಿ ಸೇರಿದ ಹೊಸದರಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ, ನಾನು ಡಾಕ್ಟರ್ ಅಲ್ಲ ಎಂದು ತಿದ್ದುತ್ತಿದ್ದ. ಅವರು ನಕ್ಕು ತಲೆಯಾಡಿಸಿ, ಮರುದಿನ ಮತ್ತೆ ಡಾಕ್ಟರ್ ಎನ್ನುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ತಿದ್ದುವುದನ್ನು ಬಿಟ್ಟ. ನಾಲ್ಕು ವರ್ಷಕ್ಕೆ ಆ ಹೆಸರು ಕಿವಿಗೆ ಹಿತವಾಗತೊಡಗಿತು. ಅವನ ತಂದೆ ಗಂಗಯ್ಯನ ಹತ್ತಿರ ಯಾರಾದರೂ ಸೊಂಟನೋವೆಂದು ಹೇಳಿಕೊಂಡರೆ, ನಮ್ಮ ಹುಡುಗ ಶನಿವಾರ ಬರುತ್ತಾನೆ, ತೋರಿಸಿರಿ ಎಂದು ಮುದುಕ ಹೇಳುತ್ತಿದ್ದ. ಅದನ್ನು ಕೇಳಿಯೂ ಸಿದ್ಧಾರೂಢ ಸುಮ್ಮನಿರುತ್ತಿದ್ದ.

ಕೆಲಸದಲ್ಲಿ ಅವನದು ಪಳಗಿದ ಕೈ. ಹನ್ನೊಂದು ವರ್ಷ ಅದೇ ಯಂತ್ರದ ಮುಂದೆ ನಿಂತಿದ್ದ. ನೋವಿನಿಂದ ಮುದುಡಿಕೊಂಡು ಬಂದವರನ್ನು ಮಾತನಾಡಿಸುತ್ತಲೇ ಮೇಜಿನ ಮೇಲೆ ಮಲಗಿಸಿ, ಮೈಮೇಲಿನ ಗುರುತಿಗೂ ಬೆಳಕಿನ ಗೆರೆಗೂ ತಾಳೆ ನೋಡಿ, ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಿದ್ದ. ಬೇರೆಯವರಿಗೆ ಇಪ್ಪತ್ತು ನಿಮಿಷ ಹಿಡಿಯುವುದು ಅವನಿಗೆ ಹನ್ನೆರಡು ನಿಮಿಷ. ಅವನ ಪಾಳಿ ಇದ್ದ ದಿನ ಸಂಜೆ ಐದಕ್ಕೆಲ್ಲ ಹೊರಗಿನ ಬೆಂಚುಗಳು ಖಾಲಿ. ಆಡಳಿತದವರು ಇದನ್ನು ಎರಡು ಸಲ ಸಭೆಯಲ್ಲಿ ಹೇಳಿ ಹೊಗಳಿದ್ದರು. ಹೊಗಳಿಕೆ ತಲೆಗೇರಿತ್ತು ಎಂಬುದು ಅವನಿಗೆ ಆಗ ಗೊತ್ತಾಗಲಿಲ್ಲ.

ಆಸ್ಪತ್ರೆಗೆ ಹೊಸ ಚಿಕಿತ್ಸೆಯೊಂದು ಬಂದದ್ದು ಮೂರು ವರ್ಷಗಳ ಹಿಂದೆ. ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಯ ಮಣಿಗಳಿಗೆ ಹರಡಿದಾಗ, ಮೊದಲೆಲ್ಲ ಕೆಟ್ಟ ಮಣಿಯ ಮೇಲೊಂದು ಕೆಳಗೊಂದು ಸೇರಿಸಿ ಅಗಲವಾಗಿ, ಹತ್ತು ದಿನ ಸ್ವಲ್ಪಸ್ವಲ್ಪ ವಿಕಿರಣ ಕೊಡುತ್ತಿದ್ದರು. ಒಂದು ಬೆರಳು ಆಚೀಚೆಯಾದರೂ ನಡೆಯುತ್ತಿತ್ತು. ಹೊಸ ರೀತಿಯಲ್ಲಿ ಕೆಟ್ಟ ಮಣಿ ಒಂದಕ್ಕೇ, ಮೂರೇ ಸಲ, ಭಾರಿ ಪ್ರಮಾಣದಲ್ಲಿ ಕೊಡಬೇಕು. ಆ ಎಲುಬಿಗೆ ಹತ್ತಿಕೊಂಡೇ ಕಿರುಬೆರಳು ಗಾತ್ರದ ಬೆನ್ನುಹುರಿ. ಕಿರಣ ಅದನ್ನು ಬಳಸಿಕೊಂಡು ಹೋಗಬೇಕು. ಜೋಳದ ಕಾಳಿನ ಅರ್ಧದಷ್ಟು ಸರಿದರೂ ತಪ್ಪು. ಅದಕ್ಕೆಂದು ರೋಗಿಯನ್ನು ಒಳಗಿನ ಗಾಳಿ ತೆಗೆದರೆ ಮೈಯ ಅಚ್ಚಿಗೆ ಕಲ್ಲಿನಂತೆ ಬಿಗಿಯುವ ಹಾಸಿಗೆಯಲ್ಲಿ ಮಲಗಿಸಿ, ಯಂತ್ರವನ್ನೇ ಸುತ್ತ ತಿರುಗಿಸಿ ಬೆನ್ನಿನ ಚಿತ್ರ ತೆಗೆದು, ಮೊದಲಿನ ಚಿತ್ರದ ಮೇಲೆ ಕೂಡಿಸಿ ನೋಡುತ್ತಿದ್ದರು. ಆ ಚಿತ್ರವನ್ನು ಪ್ರತಿಸಲವೂ ಡಾಕ್ಟರ್ ಕಣ್ಣಿಂದ ನೋಡಿದ ಮೇಲೆಯೇ ಕಿರಣ ಬಿಡಬೇಕೆಂದು ವಿಭಾಗದ ಮುಖ್ಯಸ್ಥೆ ಡಾಕ್ಟರ್ ಶೈಲಜಾ ನಿಯಮ ಬರೆಸಿ ಗೋಡೆಗೆ ಅಂಟಿಸಿದ್ದರು. ಯಾವ ಕೋನದಿಂದ ಎಷ್ಟು ಎಂದು ಲೆಕ್ಕ ಹಾಕುವವಳು ರಾಮದುರ್ಗದ ಪ್ರಣಿತಾ. ಇಪ್ಪತ್ತೆಂಟರ ಹುಡುಗಿ, ಭೌತವಿಜ್ಞಾನ ಓದಿ ಬಂದವಳು. ಸಿದ್ಧಾರೂಢನಿಗಿಂತ ಹತ್ತು ವರ್ಷ ಚಿಕ್ಕವಳು; ಅವನ ಅನುಭವದ ಮೇಲೆ ಅವಳಿಗೆ ಗೌರವವಿತ್ತು.

ಆ ವರ್ಷದ ಶ್ರಾವಣದಲ್ಲಿ ಸವದತ್ತಿಯಿಂದ ತಾಯವ್ವ ಬಂದಳು. ಅರವತ್ತರ ಹತ್ತಿರದ ಹೆಂಗಸು. ಬಸ್ ಸ್ಟ್ಯಾಂಡಿನ ಬಳಿಯ ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು. ಐದು ವರ್ಷದ ಹಿಂದೆ ಮೊಲೆಯ ಕ್ಯಾನ್ಸರಿಗೆ ಆಪರೇಶನ್ ಆಗಿತ್ತು. ಈಗ ಅದು ಬೆನ್ನಿನ ಒಂಬತ್ತನೆಯ ಮಣಿಗೆ ಬಂದು ಕೂತಿತ್ತು. ಒಲೆಯ ಮುಂದೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮಗಳು ದೇವಕ್ಕ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ರಜೆ ಹಾಕಿ ಜೊತೆಗೆ ಬಂದಿದ್ದಳು. ಸಿದ್ಧಾರೂಢ ಸಿರಸಂಗಿಯವನೆಂದು ತಿಳಿದಾಗ ಇಬ್ಬರ ಮುಖವೂ ಹಗುರಾಯಿತು. ತಾಯವ್ವ ಅವನ ಗಲ್ಲ ಸವರಿ, ನಮ್ಮ ಕಡೆಯ ಮಗ ಇದ್ದಾನೆ, ಇನ್ನು ಅಂಜಿಕೆ ಇಲ್ಲ ಎಂದಳು. ದೇವಕ್ಕ ಅವನ ಫೋನ್ ನಂಬರ್ ಬರೆದುಕೊಂಡಳು.

ಮೊದಲ ಸಲ, ಸೋಮವಾರ, ಎಲ್ಲ ಸರಿಯಾಗಿ ನಡೆಯಿತು. ಶೈಲಜಾ ಬಂದು ನಿಂತು ಚಿತ್ರ ನೋಡಿದರು.

ಎರಡನೆಯ ಸಲ ಬುಧವಾರ. ಹೊರಗೆ ಹದಿನೇಳು ಮಂದಿ ಕಾಯುತ್ತಿದ್ದರು. ತಾಯವ್ವನನ್ನು ಮಲಗಿಸಿ ಚಿತ್ರ ತೆಗೆದು ಮುಗಿಸುವಾಗ ಒಳಗಿನ ಮೈಕಿನಲ್ಲಿ ಅವಳ ಸಣ್ಣ ದನಿ ಕೇಳಿಸಿತು. ಸಿಟ್ಟಾಗಬೇಡ ತಮ್ಮಾ, ನನಗೆ ಏಳಬೇಕಾಗಿದೆ ಎನ್ನುತ್ತಿದ್ದಳು. ಮೂತ್ರಕ್ಕೆ ಅವಸರವಾಗಿತ್ತು. ಹೇಳಲು ನಾಚಿಕೊಂಡು ಅರ್ಧ ತಾಸು ತಡೆದಿದ್ದಳು. ದೇವಕ್ಕ ಅವಳನ್ನು ಇಳಿಸಿ ಕರೆದುಕೊಂಡು ಹೋಗಿ ಬಂದಳು. ಮತ್ತೆ ಮಲಗಿಸಿದಾಗ ಮುದುಕಿ ಹಾಸಿಗೆಯ ಅಚ್ಚಿನಲ್ಲಿ ಎರಡು ಬೆರಳು ಕೆಳಗೆ ಜಾರಿದ್ದಳು. ಸಡಿಲ ಚರ್ಮದ ಮೇಲಿನ ಗುರುತು ಎಳೆದತ್ತ ಬರುತ್ತಿತ್ತು. ಗುರುತು ಗೆರೆಗೆ ಕೂಡಿತು ಎಂದು ಸಿದ್ಧಾರೂಢ ಹೊರಗೆ ಬಂದ.

ಮತ್ತೆ ಚಿತ್ರ ತೆಗೆದ. ಚಿತ್ರದಲ್ಲಿ ಕಾಣುವುದು ಐದಾರು ಮಣಿಗಳಷ್ಟೇ. ಒಂದರ ಹಾಗೇ ಇನ್ನೊಂದು. ಕಂಪ್ಯೂಟರ್ ತನ್ನಷ್ಟಕ್ಕೆ ಹತ್ತಿರದ ಮಣಿಯನ್ನು ಹಿಡಿದು ಕೂಡಿಸಿ, ಮೇಜನ್ನು ಸರಿಸಬೇಕಾದದ್ದು ಬರೀ ಎರಡು ಮಿಲಿಮೀಟರ್ ಎಂದು ತೋರಿಸಿತು. ಅಷ್ಟು ಸಣ್ಣ ಅಂಕಿ ನೋಡಿ ಅವನಿಗೆ ತನ್ನ ಕೈಯ ಮೇಲೆಯೇ ಮೆಚ್ಚುಗೆಯಾಯಿತು. ಶೈಲಜಾ ವಾರ್ಡಿನಲ್ಲಿ ಯಾರಿಗೋ ಉಸಿರು ಸಿಕ್ಕದೆ ಓಡಿಹೋಗಿದ್ದರು. ಕಾದರೆ ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಪ್ರಣಿತಾ ಬಂದು, ಡಾಕ್ಟರ್ ನೋಡಿದರೇ ಎಂದು ಕೇಳಿದಳು.

"ನೋಡ್ಯಾರ್ರೀ," ಎಂದ ಸಿದ್ಧಾರೂಢ.

ಅವಳು ಎರಡು ಮಿಲಿಮೀಟರ್ ಎಂಬ ಅಂಕಿಯನ್ನು ನೋಡಿ ತಲೆಯಾಡಿಸಿದಳು. ಅವನು ಗುಂಡಿ ಒತ್ತಿದ.

ಶುಕ್ರವಾರ ಮೂರನೆಯ ಸಲ. ಶೈಲಜಾ ಅವನ ಪಕ್ಕದಲ್ಲೇ ನಿಂತಿದ್ದರು. ಆ ದಿನದ ಚಿತ್ರದಲ್ಲಿ ಒಂಬತ್ತನೆಯ ಮಣಿಯ ಎಡಮೂಲೆ ಹುಳು ತಿಂದ ಹಾಗೆ ಸವೆದಿರುವುದು ಸ್ಪಷ್ಟವಾಗಿ ಕಂಡಿತು. ಅವರು ಒಪ್ಪಿಗೆ ಕೊಟ್ಟು ಹೋದರು. ಸಿದ್ಧಾರೂಢ ಮಾತ್ರ ಆ ಮೂಲೆಯನ್ನು ಮತ್ತೊಮ್ಮೆ ನೋಡಿದ. ಬುಧವಾರ ಆ ಸವೆದ ಮೂಲೆ ಕಂಡ ನೆನಪಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಬುಧವಾರದ ಚಿತ್ರ ತೆರೆದ. ಕಿರಣದ ಗುರಿ ತೋರಿಸುವ ಗೆರೆಯ ಒಳಗಿದ್ದ ಮಣಿ ಗುಂಡಗೆ, ಗಟ್ಟಿಯಾಗಿ, ಆರೋಗ್ಯವಾಗಿತ್ತು. ಅದು ಎಂಟನೆಯದು. ಸವೆದ ಮಣಿ ಅದರ ಕೆಳಗೆ, ಗೆರೆಯ ಹೊರಗೆ ಇತ್ತು.

ಅವನು ಪರದೆ ಆರಿಸಿ ಕೈತೊಳೆಯಲು ಹೋದ. ಡಬ್ಬಿಯಲ್ಲಿ ಹೆಂಡತಿ ಅನ್ನಪೂರ್ಣಾ ಕಟ್ಟಿಕೊಟ್ಟ ಬದನೆಕಾಯಿ ಎಣ್ಣೆಗಾಯಿ ಇತ್ತು. ಊಟ ಮಾಡಿದ. ತಾನು ಆ ಹೊತ್ತಿನಲ್ಲಿ ಕೂತು ಪೂರ್ತಿ ಊಟ ಮಾಡಿದೆ ಎಂಬುದು ಮುಂದೆ ಬಹಳ ದಿನ ಅವನನ್ನು ಕಾಡಿತು.

ಆವತ್ತೇ ಹೇಳಬಹುದಿತ್ತು. ಹೇಳಿದ್ದರೆ ಮರುವಾರವೇ ಒಂದು ಸಲ ಹೆಚ್ಚಿಗೆ ಕೊಟ್ಟು ಸರಿಪಡಿಸುತ್ತಿದ್ದರು. ಆದರೆ ಹೇಳುವುದೆಂದರೆ ಮಣಿ ತಪ್ಪಿದ್ದನ್ನು ಮಾತ್ರ ಹೇಳುವುದಲ್ಲ. ಪ್ರಣಿತಾಳಿಗೆ ಸುಳ್ಳು ಹೇಳಿದ್ದನ್ನೂ ಹೇಳಬೇಕು. ಸೋಮವಾರ ಹೇಳುತ್ತೇನೆ ಎಂದುಕೊಂಡ. ಸೋಮವಾರ ಶೈಲಜಾ ಒಂದೇ ಸಲಕ್ಕೆ ಹತ್ತಾರು ರೋಗಿಗಳ ಹಿಂದಿನ ವಾರದ ಚಿತ್ರಗಳಿಗೆ ಸಹಿ ಹಾಕಿ ಮುಗಿಸಿದ್ದನ್ನು ನೋಡಿದ. ಬುಧವಾರದ್ದೂ ಅದರಲ್ಲಿತ್ತು, ಅವರ ಕಣ್ಣಿಗೂ ಬೀಳಲಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸಮಾಧಾನ ಮೂಡಿತು. ಆ ಸಮಾಧಾನಕ್ಕೇ ಅವನು ನಾಚಿಕೊಂಡ. ಆದರೂ ಬಾಯಿ ತೆರೆಯಲಿಲ್ಲ. ಮೂರರಲ್ಲಿ ಎರಡು ಸಲ ಸರಿಯಾಗಿ ಬಿದ್ದಿದೆ, ಅಷ್ಟೇ ಸಾಕಾಗಬಹುದು ಎಂದು ತನಗೆ ತಾನೇ ಹೇಳಿಕೊಂಡ.

ಹನ್ನೆರಡನೆಯ ದಿನ ದೇವಕ್ಕ ಫೋನ್ ಮಾಡಿದಳು. ಅವ್ವನ ನೋವು ಒಂದೆರಡು ದಿನ ಕಡಿಮೆಯಾಗಿ ಮತ್ತೆ ಹಾಗೇ ಆಗಿದೆ, ಕರೆದುಕೊಂಡು ಬರಲೇ ಎಂದು ಕೇಳಿದಳು. ಸಿದ್ಧಾರೂಢ ಆಗ ಬಸ್ಸಿನಲ್ಲಿದ್ದ. ಹೊರಗೆ ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿದ್ದವು.

"ಒಮ್ಮೆಲೆ ಕಡಿಮಿ ಆಗಂಗಿಲ್ಲವಾ," ಎಂದ. "ಸಾವಕಾಶ ಆಗತೈತಿ. ಈಗ ಬರೂದು ಬ್ಯಾಡ, ತಿಂಗಳ ಮ್ಯಾಲ ಬರ್ರಿ."

ಡಾಕ್ಟರ್ ಹೇಳಬೇಕಾದ ಮಾತನ್ನು ಅವನು ಹೇಳಿದ್ದ. ದೇವಕ್ಕ ನಂಬಿದಳು.

ಅವರಿಗೆ ತಿಂಗಳ ತನಕ ಕಾಯಲಾಗಲಿಲ್ಲ. ನಾಲ್ಕನೆಯ ವಾರ ತಾಯವ್ವನ ಎಡಗಾಲು ಜೋಮು ಹಿಡಿದು, ಚಪ್ಪಲಿ ಕಳಚಿ ಬಿದ್ದರೂ ತಿಳಿಯದಂತಾಯಿತು. ಗುರುವಾರ ಮುಂಜಾನೆ ಬಾಡಿಗೆ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಮತ್ತೆ ಸ್ಕ್ಯಾನ್ ಆಯಿತು. ಗಡ್ಡೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತಿತ್ತು.

ಶೈಲಜಾ, ಪ್ರಣಿತಾ ಇಬ್ಬರೂ ಪರದೆಯ ಮುಂದೆ ಕೂತು ಮಾತನಾಡುತ್ತಿದ್ದರು. ಹಳೆಯ ದಾಖಲೆ ತರಲು ಸಿದ್ಧಾರೂಢನನ್ನು ಕರೆದಿದ್ದರು. ಅವನು ಬಾಗಿಲಲ್ಲಿ ನಿಂತು ಕೇಳಿದ. ಪೂರ್ತಿ ಪ್ರಮಾಣ ಕೊಟ್ಟ ಮೇಲೂ ಗಡ್ಡೆ ಬೆಳೆದಿದೆಯೆಂದರೆ ಇದು ವಿಕಿರಣಕ್ಕೆ ಜಗ್ಗದ ಜಾತಿ ಎಂದು ಶೈಲಜಾ ಹೇಳುತ್ತಿದ್ದರು. ಇನ್ನು ಕೊಟ್ಟರೆ ಬೆನ್ನುಹುರಿ ಸುಡುತ್ತದೆ. ಆಪರೇಶನ್ ಮಾಡಿಸಿದರೂ ಅದರ ಮೇಲೆ ವಿಕಿರಣ ಕೊಡಲಾಗದಿದ್ದರೆ ಉಪಯೋಗವಿಲ್ಲ. ನೋವಿಗೆ ಗುಳಿಗೆ ಕೊಟ್ಟು, ಇನ್ನು ನಡೆಯುವುದು ಕಷ್ಟವೆಂದು ಮನೆಯವರಿಗೆ ಹೇಳಿ ಕಳಿಸಬೇಕು.

ಪೂರ್ತಿ ಪ್ರಮಾಣ ಎಂಬ ಮಾತು ಕೇಳಿ ಸಿದ್ಧಾರೂಢ ಕೈಯಲ್ಲಿದ್ದ ದಾಖಲೆ ನೋಡಿದ. ದಾಖಲೆಯಲ್ಲಿ ಮೂರಕ್ಕೆ ಮೂರು ಎಂದಿತ್ತು. ಅವನ ಮೌನ ಈಗ ಮುದುಕಿಯ ಕಾಲಿನ ಮೇಲೆ ಕೂತಿತ್ತು.

"ಪೂರ್ತಿ ಕೊಟ್ಟಿಲ್ರೀ ಮೇಡಂ," ಎಂದ. "ಎರಡನೇ ಸಲದ್ದು ಎಂಟನೇ ಮಣಿಗೆ ಬಿದ್ದೈತಿ. ನಾ ಕೊಟ್ಟೇನಿ. ನನಗ ಶುಕ್ರವಾರಾನ ಗೊತ್ತಾತು."

ಶೈಲಜಾ ಬುಧವಾರದ ಚಿತ್ರ ತೆರೆದು ಬಹಳ ಹೊತ್ತು ನೋಡಿದರು. ಕೆಳಗೆ ತಮ್ಮದೇ ಸಹಿ ಇತ್ತು, ಅದನ್ನೂ ನೋಡಿದರು. ಪ್ರಣಿತಾ ಕುರ್ಚಿಯಿಂದ ಎದ್ದಳು.

"ನಾ ಕೇಳಿದಾಗ ನೋಡ್ಯಾರ ಅಂದ್ರಿ ನೀವು."

"ಅಂದ್ನಿ. ಸುಳ್ಳು ಹೇಳಿದ್ನಿ."

ಅವಳು ಬೈದಿದ್ದರೆ ಒಳ್ಳೆಯದಿತ್ತು. ಅವಳು ಮತ್ತೆ ಕೂತು, ಕಂಪ್ಯೂಟರ್ ಎಳೆದುಕೊಂಡು ಹೊಸದಾಗಿ ಲೆಕ್ಕ ಹಾಕಲು ಶುರುಮಾಡಿದಳು. ಒಂಬತ್ತನೆಯ ಮಣಿಗೆ ನಿಜವಾಗಿ ಬಿದ್ದದ್ದು ಎಷ್ಟು, ಬೆನ್ನುಹುರಿ ಇನ್ನೂ ಎಷ್ಟು ತಾಳಬಲ್ಲದು. ಒಂದು ತಾಸಿನ ನಂತರ ದಾರಿ ಇದೆ ಎಂದಳು. ಎಂಟನೆಯ ಮಣಿಯ ಹತ್ತಿರವೂ ಹುರಿಗೆ ಪೆಟ್ಟಾಗಿರಲಿಲ್ಲ. ಅದು ಯಾರ ಜಾಣತನವೂ ಅಲ್ಲ, ಆ ಮುದುಕಿಯ ಪುಣ್ಯ. ಹುಬ್ಬಳ್ಳಿಯಲ್ಲಿ ಅಂದೇ ಆಪರೇಶನ್ ಮಾಡಿಸಿ ಹುರಿಯ ಮೇಲಿನ ಒತ್ತಡ ಇಳಿಸಿದರೆ, ಗಾಯ ಮಾಗಿದ ಮೇಲೆ ಉಳಿದದ್ದನ್ನು ಕೊಡಬಹುದಿತ್ತು.

ತಾಯವ್ವನಿಗೆ ಇದನ್ನೆಲ್ಲ ತಾವೇ ಹೇಳುವುದಾಗಿ ಶೈಲಜಾ ಹೊರಟರು. ತಾನೂ ಬರುತ್ತೇನೆಂದು ಸಿದ್ಧಾರೂಢ ಕೇಳಿಕೊಂಡ. ಮುದುಕಿ ತಳ್ಳುಗಾಡಿಯ ಮೇಲೆ ಮಲಗಿದ್ದಳು, ದೇವಕ್ಕ ಕಾಲು ತಿಕ್ಕುತ್ತಿದ್ದಳು. ಶೈಲಜಾ ಮುಚ್ಚುಮರೆಯಿಲ್ಲದೆ ಹೇಳಿದರು. ತಮ್ಮ ಆಸ್ಪತ್ರೆಯ ತಪ್ಪು, ಚಿತ್ರ ಸರಿಯಾಗಿ ನೋಡದೆ ಸಹಿ ಹಾಕಿದ ತಮ್ಮದೂ ತಪ್ಪು ಎಂದರು. ತಾಯವ್ವ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಹಿಡಿದಳು. ಆಮೇಲೆ ಸಿದ್ಧಾರೂಢನ ಕಡೆ ನೋಡಿದಳು.

"ನಾ ಕೆಳಗ ಇಳದು ಹೋಗಿ ಬಂದ್ನೆಲ್ಲ, ಅವತ್ತೇನು ತಮ್ಮಾ? ಹಂಗಾರ ತಪ್ಪು ನಂದಲ್ಲೇನು. ಇನ್ನೊಂದೀಟು ತಡಕೊಂಡಿದ್ರ ಆಗತಿತ್ತು."

ಅವನು ಏನನ್ನೆಲ್ಲ ಎದುರಿಸಲು ಸಿದ್ಧನಾಗಿ ಬಂದಿದ್ದನೋ ಅದರಲ್ಲಿ ಇದು ಇರಲಿಲ್ಲ. ಅವಳ ಮುಖದಲ್ಲಿ ನಿಜವಾದ ನಾಚಿಕೆ ಇತ್ತು, ಅವನಿಂದ ಕಸಿದುಕೊಂಡ ಹಾಗೆ.

"ಇಲ್ಲ ಬೇ ಯವ್ವಾ," ಎಂದ. "ನಿಂದೇನೂ ಇಲ್ಲ. ನೀ ಹತ್ತು ಸಲ ಇಳದ್ರೂ ಹತ್ತು ಸಲ ನೋಡಿ ಕೊಡೂದು ನನ್ನ ಕೆಲಸ. ನಾ ನೋಡಲಿಲ್ಲ. ನೋಡ್ಯಾರ ಅಂತ ಸುಳ್ಳು ಹೇಳಿದ್ನಿ."

ದೇವಕ್ಕ ತಾಯಿಯ ಕಾಲಿನಿಂದ ಕೈ ತೆಗೆದಳು.

"ನಾ ಫೋನ್ ಮಾಡಿದಾಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಗೊತ್ತಿದ್ದೂ ಬರಬ್ಯಾಡ ಅಂದ್ರಿ."

ಅವನು ಹೂಂ ಎಂದ. ದೇವಕ್ಕ ಅವನಿಗೆ ಬೆನ್ನು ತಿರುಗಿಸಿ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆಂದು ಶೈಲಜಾ ಅವರನ್ನು ಕೇಳಿದಳು.

ತಾಯವ್ವ ನಡೆದಳು, ಆದರೆ ಮೊದಲಿನ ಹಾಗಲ್ಲ. ಎಡಗಾಲು ಎಳೆಯುತ್ತ, ನಾಲ್ಕು ಕಾಲಿನ ಕೋಲು ಹಿಡಿದು. ರೊಟ್ಟಿ ಬಡಿಯಲು ನೆಲದ ಮೇಲೆ ಕೂರುವುದು ಮತ್ತೆ ಸಾಧ್ಯವಾಗಲಿಲ್ಲ. ಖಾನಾವಳಿಯ ಯಜಮಾನಿ ರಾಚವ್ವ ಕುರ್ಚಿ ಹಾಕಿಸಿ, ಸೊಪ್ಪು ಸೋಸಲು, ಶೇಂಗಾ ಬಿಡಿಸಲು ಕೂರಿಸಿಕೊಂಡಳು. ಹದಿನಾಲ್ಕು ತಿಂಗಳು ಬದುಕಿ, ಕ್ಯಾನ್ಸರ್ ಲಿವರಿಗೆ ಹರಡಿ ತೀರಿಕೊಂಡಳು. ತಡವಾಗದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಹುಬ್ಬಳ್ಳಿಯ ಡಾಕ್ಟರು ಬರೆದದ್ದನ್ನು ಸಿದ್ಧಾರೂಢ ಓದಿದ್ದ.

ಆಸ್ಪತ್ರೆ ವಿಚಾರಣೆ ನಡೆಸಿ, ಮನೆಯವರಿಗೆ ತಪ್ಪೊಪ್ಪಿಗೆಯ ಪತ್ರ ಬರೆಯಿತು. ಅವನನ್ನು ನಾಲ್ಕು ತಿಂಗಳು ಯಂತ್ರದಿಂದ ದೂರವಿಟ್ಟು, ರೋಗಿಗಳ ಅಚ್ಚಿನ ಹಾಸಿಗೆ ತಯಾರಿಸುವ ಕೋಣೆಗೆ ಹಾಕಿದರು. ಕೆಲಸದಿಂದ ತೆಗೆಯುತ್ತಾರೆಂದು ಅವನು ಕಾಯುತ್ತಿದ್ದ, ತೆಗೆಯಲಿಲ್ಲ. ಅದು ಅವನಿಗೆ ಹಗುರವೆನಿಸಲಿಲ್ಲ. ಸಿರಸಂಗಿಗೆ ಹೋದಾಗ ತಂದೆಗೆ ನಡೆದದ್ದೆಲ್ಲ ಹೇಳಿ, ಇನ್ನು ಯಾರಿಗೂ ನನ್ನನ್ನು ಡಾಕ್ಟರ್ ಎನ್ನಬೇಡ ಎಂದ. ಗಂಗಯ್ಯ ಅವನ ಮುಖ ನೋಡಲಿಲ್ಲ. ಊರಿನವರು ಮಾತ್ರ ಹಾಗೇ ಕರೆಯುತ್ತಿದ್ದರು. ಈಗ ಪ್ರತಿಸಲವೂ ಅವನು ನಿಂತು ತಿದ್ದುತ್ತಿದ್ದ. ಜನ ಅದನ್ನು ವಿನಯವೆಂದು ತಿಳಿದು ಇನ್ನಷ್ಟು ಮೆಚ್ಚಿದರು.

ಆ ನಾಲ್ಕು ತಿಂಗಳಲ್ಲಿ ಪ್ರಣಿತಾ ಕೆಲಸದ ಕ್ರಮವನ್ನೇ ಬದಲಿಸಿದಳು. ಬೆನ್ನಿನ ಚಿಕಿತ್ಸೆಗೆ ಮೊದಲು ಉದ್ದನೆಯ ಚಿತ್ರ ತೆಗೆಯಬೇಕು. ಕೊನೆಯ ಪಕ್ಕೆಲುಬು ಕೂಡುವುದು ಹನ್ನೆರಡನೆಯ ಮಣಿಗೆ. ಅಲ್ಲಿಂದ ಮೇಲಕ್ಕೆ ಇಬ್ಬರು ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟು ಎಣಿಸಬೇಕು. ರೋಗಿ ಒಮ್ಮೆ ಮೇಜಿನಿಂದ ಇಳಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಡಾಕ್ಟರ್ ತಮ್ಮ ಗುರುತಿನ ಸಂಖ್ಯೆ ಒತ್ತದೆ ಯಂತ್ರ ಕಿರಣ ಬಿಡದಂತೆಯೂ ಮಾಡಿಸಿದಳು. ಹನ್ನೆರಡು ನಿಮಿಷದ ಕೆಲಸ ಮೂವತ್ತೈದು ನಿಮಿಷವಾಯಿತು. ಸಂಜೆ ಏಳಾದರೂ ಬೆಂಚಿನ ಮೇಲೆ ಜನ ಇರುತ್ತಿದ್ದರು.

ಮರುವರ್ಷ ಹುಬ್ಬಳ್ಳಿಯಲ್ಲಿ ಹಲವು ಆಸ್ಪತ್ರೆಗಳವರು ಸೇರಿದ ಸಭೆಯಲ್ಲಿ ಅವಳು ಈ ಕ್ರಮವನ್ನು ವಿವರಿಸಿದಳು. ಸಿದ್ಧಾರೂಢ ಕೊನೆಯ ಸಾಲಿನಲ್ಲಿದ್ದ. ತಪ್ಪು ಗೊತ್ತಾದದ್ದು ಹೇಗೆಂದು ಯಾರೋ ಕೇಳಿದರು. ಮಾಡಿದವರೇ ಬಂದು ಹೇಳಿದರು ಎಂದಳು ಪ್ರಣಿತಾ. ಅಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಅಧ್ಯಕ್ಷರು ಹೇಳಿದಾಗ ಚಪ್ಪಾಳೆ ಬಿತ್ತು. ಎಷ್ಟು ದಿನದ ಮೇಲೆ ಹೇಳಿದರು ಎಂದು ಯಾರೂ ಕೇಳಲಿಲ್ಲ. ಎದ್ದು ನಿಂತು ಇಪ್ಪತ್ತೇಳು ದಿನ ಎನ್ನಬೇಕೆಂದು ಸಿದ್ಧಾರೂಢನ ಗಂಟಲಿನ ತನಕ ಬಂತು. ಏಳಲಿಲ್ಲ. ತಿರುಗಿ ಬರುವಾಗ ಕಿತ್ತೂರು ದಾಟಿದ ಮೇಲೆ ಪ್ರಣಿತಾಳಿಗೆ ಅದನ್ನು ಹೇಳಿಕೊಂಡ. ಅವಳು ಕಿಟಕಿಯ ಹೊರಗೆ ನೋಡುತ್ತ, ಅದನ್ನು ನೀವೇ ಹೇಳಬೇಕಾಗಿತ್ತು ಎಂದಳು.

ತಾಯವ್ವ ಸತ್ತ ಸುದ್ದಿ ತಿಳಿದಾಗ ಅವನು ಸವದತ್ತಿಗೆ ಹೋಗಿದ್ದ. ದೇವಕ್ಕ ಅವನನ್ನು ನೋಡಿಯೂ ನೋಡದವಳಂತೆ ಒಳಗೆ ಹೋದಳು. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬಂದುಬಿಟ್ಟ. ಆಮೇಲೆ ಒಂದೆರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗಲೂ ಅವಳು ದಾರಿ ಬದಲಿಸಿದಳು. ಅದು ಸರಿಯೇ ಎಂದು ಅವನಿಗೆ ಅನ್ನಿಸುತ್ತಿತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ ಅವಳೇ ಆಸ್ಪತ್ರೆಗೆ ಬಂದಳು. ಜೊತೆಗೆ ಅವಳ ಸೋದರಮಾವ ಮಲಕಾಜಪ್ಪ ಇದ್ದ. ಎಪ್ಪತ್ತು ದಾಟಿದವನು, ಪ್ರಾಸ್ಟೇಟಿನ ಕ್ಯಾನ್ಸರ್ ಬೆನ್ನಿನ ಹತ್ತನೆಯ ಮಣಿಗೆ ಬಂದಿತ್ತು. ಹತ್ತಿರದಲ್ಲಿ ಈ ಚಿಕಿತ್ಸೆ ಬೇರೆಲ್ಲೂ ಇರಲಿಲ್ಲ. ಸಿದ್ಧಾರೂಢ ಅವಳನ್ನು ಕಂಡು, ಬೇರೆಯವರನ್ನು ಪಾಳಿಗೆ ಹಾಕುವಂತೆ ಕೇಳಲು ಹೊರಟ. ದೇವಕ್ಕ ತಡೆದಳು.

"ಎಣಸೂದು ಯಾರು?"

"ಪ್ರಣಿತಾ ಮೇಡಮ್ಮಾರು ಮತ್ತ ನಾನು. ಬ್ಯಾಡಂದ್ರ ನಾ ನಿಲ್ಲೂದಿಲ್ಲವಾ."

"ನಿಲ್ರಿ. ನಾನೂ ಕೇಳತೇನಿ."

ಯಂತ್ರ ನಡೆಸುವ ಕೋಣೆಗೆ ಮನೆಯವರನ್ನು ಬಿಡುವ ರೂಢಿ ಇರಲಿಲ್ಲ. ಶೈಲಜಾ, ಇವಳನ್ನು ಕೋಣೆಗೆ ಬಿಡಿ ಎಂದರು. ಮಲಕಾಜಪ್ಪನನ್ನು ಒಳಗೆ ಮಲಗಿಸಿ ಉದ್ದನೆಯ ಚಿತ್ರ ತೆಗೆದರು. ಪ್ರಣಿತಾ ಎಣಿಸಿದಳು. ಆಮೇಲೆ ಸಿದ್ಧಾರೂಢ ಪರದೆಯ ಮೇಲೆ ಬೆರಳಿಟ್ಟು, ಕೊನೆಯ ಪಕ್ಕೆಲುಬಿನಿಂದ ಮೇಲಕ್ಕೆ ಹನ್ನೆರಡು, ಹನ್ನೊಂದು, ಹತ್ತು ಎಂದ. ಹಿಂದೆ ನಿಂತ ದೇವಕ್ಕನ ಉಸಿರು ಅವನಿಗೆ ಕೇಳಿಸುತ್ತಿತ್ತು.

"ಇನ್ನೊಮ್ಮಿ ಎಣಸ್ರಿ," ಎಂದಳು.

ಅವನು ಬೆರಳನ್ನು ಕೆಳಗೆ ಪಕ್ಕೆಲುಬಿನ ಬುಡಕ್ಕೆ ತಂದು, ಮತ್ತೆ ಮೊದಲಿನಿಂದ ಎಣಿಸಿದ.